ಬ್ರೇಕ್ ಎದುರು ‘ಇದೆ’ ಅಂತ ಬರೆದಿದ್ದೆ

ಹಳೇ ಸೈಕಲ್ಲನ್ನು ಎಲೆಕ್ಟ್ರಿಕ್ ಗಾಡಿ ಮಾಡಿದ ಖರ್ಚು ಬರೆದಿಟ್ಟ ಡೈರಿ ಇನ್ನೂ ಮೇಜಿನ ಮೇಲಿದೆ. ಮೋಟರ್ ಇಷ್ಟು, ಕಂಟ್ರೋಲರ್ ಇಷ್ಟು, ಬ್ಯಾಟರಿ ಇಷ್ಟು. ಚಾರ್ಜರ್, ಮೀಟರ್, ವೈರು, ಕೊರಿಯರ್ ಖರ್ಚನ್ನೂ ಬಿಟ್ಟಿಲ್ಲ. ಬ್ರೇಕ್ ಅನ್ನೋ ಸಾಲಿನ ಎದುರು ಮಾತ್ರ ಅಂಕಿ ಇಲ್ಲ. ‘ಇದೆ’ ಅಂತ ಒಂದೇ ಪದ.

ಇತ್ತು, ನಿಜ. ಹಳೇ ಮೌಂಟನ್ ಸೈಕಲ್ ಜೊತೆಗೇ ಬಂದಿದ್ದ ಕೇಬಲ್ ಡಿಸ್ಕ್ ಬ್ರೇಕ್. ಮುಂದೆ ಹಿಂದೆ ಎರಡೂ 160 ಮಿ.ಮೀ. ರೋಟರ್, ಅಂದರೆ ಚಕ್ರದ ಜೊತೆ ತಿರುಗುವ ಉಕ್ಕಿನ ಬಿಲ್ಲೆ. ಬೆಳಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ತನಕ ಹೋಗಿ ಬರೋವನಿಗೆ ಅದು ಧಾರಾಳವಾಗಿ ಸಾಕಾಗಿತ್ತು. ಅದೇ ಸೈಕಲ್ಲಿಗೆ ಚಕ್ರದ ನಡುವೆಯೇ ಕೂರುವ 3,000 ವ್ಯಾಟಿನ ಹಬ್ ಮೋಟರ್ ಹಾಕಿದ ಮೇಲೂ ಸಾಕಾಗುತ್ತೆ ಅಂತ ಯಾಕೆ ಅಂದುಕೊಂಡೆನೋ, ಈಗ ಯೋಚಿಸಿದರೆ ನಗು ಬರುತ್ತದೆ.

ನಾನು ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸದವನು. ಮೋಟರು, ಕೇಬಲ್ಲು, ಫ್ಯೂಸು ಅಂದರೆ ನಿದ್ದೆ ಬಿಟ್ಟು ಕೂರುತ್ತೇನೆ. ನಟ್ಟು, ಬೋಲ್ಟು, ಆಯಿಲ್ ಅಂದರೆ ಅಷ್ಟಕ್ಕಷ್ಟೆ. ಹಾಗಾಗಿ ಗಾಡಿಯ ಕರೆಂಟಿನ ಭಾಗ ಅಚ್ಚುಕಟ್ಟಾಗಿ ಆಯಿತು. 72 ವೋಲ್ಟು, 20 ಆಂಪಿಯರ್ ಅವರ್ ಬ್ಯಾಟರಿ. ಹಿಂದಿನ ಚಕ್ರದಲ್ಲಿ ಗೇರ್ ಇಲ್ಲದ ನೇರ ಹಬ್ ಮೋಟರ್. ಒಟ್ಟು ತೂಕ 45 ಕಿಲೋ ಬಂತು. ನನ್ನ 75 ಸೇರಿಸಿದರೆ 120.

ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳೋದು ಬೇಡ. ನಮ್ಮಲ್ಲಿ 250 ವ್ಯಾಟ್ ಒಳಗಿನ ಮೋಟರ್, ಗಂಟೆಗೆ 25 ಕಿ.ಮೀ. ಒಳಗಿನ ವೇಗ ಇದ್ದರೆ ಮಾತ್ರ ನೋಂದಣಿ, ಲೈಸೆನ್ಸ್ ಬೇಡ. ಅದನ್ನು ದಾಟಿದರೆ ಅದು ಮೋಟರು ವಾಹನ. ಮನೆಯಲ್ಲಿ ಕೂತು ಜೋಡಿಸಿದ 3,000 ವ್ಯಾಟಿನ ಗಾಡಿಗೆ ನಂಬರ್ ಪ್ಲೇಟ್ ಸಿಗೋದಿಲ್ಲ. ಆದ್ದರಿಂದ ಇದು ಓಡೋದು ಪಾಂಡವಪುರದ ಹತ್ತಿರ ಮಾವನವರ ಜಮೀನಿನಲ್ಲಿ. ತೋಟದ ಮನೆಯಿಂದ ಕಬ್ಬಿನ ಗದ್ದೆ, ಗದ್ದೆಯಿಂದ ಪಂಪ್ ಮನೆ. ಆ ಓಡಾಟಕ್ಕೆ 3,000 ವ್ಯಾಟ್ ಬೇಕಿತ್ತಾ ಅಂತ ನನ್ನ ಹೆಂಡತಿ ಕೇಳಿದ್ದಾಳೆ. ಉತ್ತರ ಇನ್ನೂ ಕೊಟ್ಟಿಲ್ಲ.

ಬಿದ್ದದ್ದು ಅಲ್ಲೇ. ತೋಟದ ಮನೆಯಿಂದ ಕಾಲುವೆ ಕಡೆಗೆ ಒಂದು ಇಳಿಜಾರು ದಾರಿ ಇದೆ. ಯುಗಾದಿಗೆ ಬಂದಿದ್ದ ಮಕ್ಕಳೆಲ್ಲ ನಿಂತು ನೋಡುತ್ತಿದ್ದರು. ನಾನೂ ಶೋಕಿಗೆ ಬಿದ್ದೆ. ಮೇಲೆ ಹೋಗೋದು, ಜೋರಾಗಿ ಕೆಳಗೆ ಬರೋದು, ತಟ್ಟನೆ ನಿಲ್ಲಿಸೋದು. ಮೀಟರಿನಲ್ಲಿ 48 ತೋರಿಸುತ್ತಿತ್ತು. ಐದು ಸಲ ಚೆನ್ನಾಗೇ ನಿಂತಿತು. ಆರನೇ ಸಲ ಏನೋ ಸುಟ್ಟ ವಾಸನೆ. ಏಳನೇ ಸಲ ಲಿವರ್ ಜಾಸ್ತಿ ಒಳಗೆ ಬಂತು. ಎಂಟನೇ ಸಲ ಲಿವರ್ ಹ್ಯಾಂಡಲ್ಲಿಗೇ ತಾಗಿತು, ಗಾಡಿ ಮಾತ್ರ ಹೋಗುತ್ತಲೇ ಇತ್ತು.

ಎದುರಿಗೆ ಕಾಲುವೆ. ಪಾಂಡವಪುರದ ಕಡೆಯವರಿಗೆ ನೀರಿನ ಭಯ ಬಿಡಿಸಿ ಹೇಳಬೇಕಿಲ್ಲ. 2018ರಲ್ಲಿ ಕನಗನಮರಡಿ ಹತ್ತಿರ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಸ್ಸು ಬಿದ್ದು 30 ಜನ ಹೋದರು. ನಮ್ಮದು ಅಷ್ಟು ದೊಡ್ಡ ನಾಲೆ ಅಲ್ಲ, ಸೊಂಟದ ಮಟ್ಟದ ಕಿರುಗಾಲುವೆ. ಆದರೂ ಆ ಕ್ಷಣಕ್ಕೆ ನೆನಪಾದದ್ದು ಅದೇ. ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ನಾಟಿಗೆ ನೀರು ಕಟ್ಟಿದ್ದ ಗದ್ದೆ. ಕೆಸರಲ್ಲಿ ನಾಲ್ಕು ಮಾರು ಜಾರಿ ಬಿದ್ದೆ. ಮೊಣಕೈ ತರಚಿತು, ಕಾಲು ಉಳುಕಿತು. ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗಲಿಲ್ಲ, ಅದೊಂದು ಪುಣ್ಯ.

ಬಾಮೈದ ಓಡಿ ಬಂದು ಎತ್ತಿದ. ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಹೇಳಿದ: “ಭಾವ, ಓಡೋದು ಆಮೇಲ್ ಮಡಿಕಳಿ. ಮೊದ್ಲು ನಿಲ್ಲೋದ್ ನೋಡ್ಕಳಿ.”

ಮಾರನೇ ವಾರ ಗಾಡಿಯನ್ನು ಮೈಸೂರಿಗೆ ತಂದು ಮಂಡಿ ಮೊಹಲ್ಲಾದ ಉಸ್ತಾದರ ಹತ್ತಿರ ಹೋದೆ. ಅವರ ಹೆಸರು ಬೇಡ, ಎಲ್ಲರೂ ಉಸ್ತಾದ್ ಅಂತಲೇ ಕರೆಯೋದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಗ್ಯಾರೇಜು ಹಾಕಿದರು. ಈಗಲೂ ಜಾವಾ, ಯೆಜ್ಡಿ ಇಟ್ಟುಕೊಂಡವರು ಅವರ ಬಾಗಿಲಿಗೇ ಬರುತ್ತಾರೆ. ಕಿಕ್ಕರ್ ಮತ್ತು ಗೇರು ಎರಡೂ ಒಂದೇ ಲಿವರ್ ಆಗಿರೋ ಗಾಡಿಯನ್ನು ಹೊಸ ಹುಡುಗರು ನೋಡಿ ಗೊಂದಲ ಪಡೋದನ್ನು ನೋಡುವುದೇ ಅವರಿಗೆ ಮೋಜು.

ಉಸ್ತಾದ್ ಮೋಟರನ್ನು ನೋಡಲೇ ಇಲ್ಲ. ನೇರ ಮುಂದಿನ ಚಕ್ರದ ಹತ್ತಿರ ಕೂತರು. ರೋಟರ್ ನೀಲಿ ತಿರುಗಿತ್ತು. ರೋಟರಿಗೆ ಒತ್ತಿ ಹಿಡಿಯುವ ಪ್ಯಾಡ್ ತೆಗೆದರು. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಉಗುರಲ್ಲಿ ಕೆರೆದರೆ ಜಾರುತ್ತಿತ್ತು.

“ಇದು ಹಿಡಿಯಲ್ಲ ಸಾರ್, ಬೆಂದು ಹೋಗಿದೆ,” ಅಂದರು. “ಬ್ರೇಕ್ ಹಿಡಿದ್ರಿ, ಸರಿ. ಆ ಬಿಸಿ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ್ರಾ?”

ಕೇಳಿರಲಿಲ್ಲ. ಅವರು ಟೀ ತರಿಸಿ ಕಥೆ ಶುರು ಮಾಡಿದರು. ಯೆಜ್ಡಿ ಎರಡು ಸ್ಟ್ರೋಕಿನ ಗಾಡಿ. ನಾಲ್ಕು ಸ್ಟ್ರೋಕಿನ ಗಾಡಿಯಂತೆ ಎಕ್ಸಲೇಟರ್ ಬಿಟ್ಟರೆ ಎಂಜಿನ್ ಹಿಡಿದು ನಿಲ್ಲಿಸೋದಿಲ್ಲ. ಅದರ ಮೇಲೆ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಎಕ್ಸಲೇಟರ್ ಪೂರ್ತಿ ಮುಚ್ಚಿ ಉದ್ದದ ಇಳಿಜಾರು ಇಳಿದರೆ ಪೆಟ್ರೋಲ್ ಹೋಗಲ್ಲ, ಅದರ ಜೊತೆ ಆಯಿಲೂ ಹೋಗಲ್ಲ. ಪಿಸ್ಟನ್ ಒಣಗುತ್ತದೆ. ಹಾಗಾಗಿ ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಆಗಾಗ ಎಕ್ಸಲೇಟರ್ ಸ್ವಲ್ಪ ಕೊಡಬೇಕು, ಬ್ರೇಕಿನಲ್ಲಿ ವೇಗ ಹಿಡಿಯಬೇಕು. ಎರಡು ಡ್ರಮ್ಮೇ ಎಲ್ಲ ಭಾರ ಹೊರಬೇಕು. ಹೊಸಬರು ಮೇಲಿಂದ ಕೆಳಗಿನ ತನಕ ಬ್ರೇಕ್ ತುಳಿದುಕೊಂಡೇ ಬರುತ್ತಿದ್ದರಂತೆ. ತಾವರೆಕಟ್ಟೆ ಹತ್ತಿರ ಬರೋ ಹೊತ್ತಿಗೆ ಡ್ರಮ್ಮಿನಿಂದ ಹೊಗೆ. “ನಿಮ್ಮ ಗಾಡಿನೂ ಅದೇ ಜಾತಿ. ಎಂಜಿನ್ನೇ ಇಲ್ಲ ನೋಡಿ,” ಅಂದರು.

ಮನೆಗೆ ಬಂದು ಡೈರಿಯ ಹಿಂದಿನ ಪುಟದಲ್ಲಿ ಲೆಕ್ಕಕ್ಕೆ ಕೂತೆ. ಚಲನ ಶಕ್ತಿ ಅಂದರೆ ತೂಕದ ಅರ್ಧ ಗುಣಿಸು ವೇಗದ ವರ್ಗ. ಹೈಸ್ಕೂಲಿನಲ್ಲಿ ಓದಿದ್ದೇ. 120 ಕಿಲೋ, ಗಂಟೆಗೆ 25 ಕಿ.ಮೀ. ಹಾಕಿದರೆ ಸುಮಾರು 2,900 ಜೂಲ್. ಅದೇ 60 ಕಿ.ಮೀ.ಗೆ ಸುಮಾರು 16,700. ವೇಗ ಎರಡೂವರೆ ಪಟ್ಟು ಕೂಡ ಆಗಿಲ್ಲ, ಶಕ್ತಿ ಹತ್ತಿರ ಹತ್ತಿರ ಆರು ಪಟ್ಟು. ಆ ಶಕ್ತಿಯೆಲ್ಲ ನಿಲ್ಲೋ ಹೊತ್ತಿಗೆ ಬಿಸಿಯಾಗಿ ಎಲ್ಲಾದರೂ ಹೋಗಲೇಬೇಕು.

ಎಲ್ಲಿಗೆ? ಮೊದಲು ರೋಟರಿಗೆ. ಅಡುಗೆಮನೆಯ ತಕ್ಕಡಿಯಲ್ಲಿ 160ರ ರೋಟರ್ ತೂಗಿದೆ. ಸುಮಾರು 130 ಗ್ರಾಂ. ನಿಲ್ಲಿಸುವಾಗ ಭಾರ ಮುಂದಕ್ಕೆ ವಾಲುವುದರಿಂದ ನೂರಕ್ಕೆ 70 ಭಾಗ ಕೆಲಸ ಮುಂದಿನ ಬ್ರೇಕಿನದು ಅಂತ ಇಟ್ಟುಕೊಂಡೆ. 60ರಿಂದ ಒಂದೇ ಒಂದು ಸಲ ಪೂರ್ತಿ ನಿಲ್ಲಿಸಿದರೆ, ಗಾಳಿಗೆ ಏನೂ ಹೋಗದಿದ್ದರೆ, ಆ ಪುಟ್ಟ ಉಕ್ಕಿನ ಬಿಲ್ಲೆ 180 ಡಿಗ್ರಿ ಏರುತ್ತದೆ. ಒಂದು ಸಲಕ್ಕೆ! ನಾನು ಆ ಇಳಿಜಾರಿನಲ್ಲಿ 48ರ ವೇಗದಿಂದ ಎಂಟು ಸಲ ಬೆನ್ನುಬೆನ್ನಿಗೆ ಮಾಡಿದ್ದೆ. 203 ಮಿ.ಮೀ. ರೋಟರ್ ಆದರೆ 200 ಗ್ರಾಂ ತೂಗುತ್ತದೆ. ಅದೇ ಲೆಕ್ಕಕ್ಕೆ 117 ಡಿಗ್ರಿ ಏರುತ್ತದೆ. ಗಾಳಿಗೆ ಒಡ್ಡುವ ಮೈಯೂ ಜಾಸ್ತಿ. ಜೊತೆಗೆ ಪ್ಯಾಡ್ ಹಿಡಿಯುವ ಜಾಗ ಚಕ್ರದ ನಡುವಿನಿಂದ ದೂರ ಹೋಗುವುದರಿಂದ ಅದೇ ಕೈಬಲಕ್ಕೆ ಕಾಲುಭಾಗಕ್ಕೂ ಜಾಸ್ತಿ ಹಿಡಿತ ಸಿಗುತ್ತದೆ.

ಆ ರಾತ್ರಿಯೇ ರೋಟರ್ ಅಳತೆ ತೀರ್ಮಾನ ಆಯಿತು. ಉಳಿದದ್ದಕ್ಕೆ ಎರಡು ತಿಂಗಳು ಹಿಡಿಯಿತು.

ಉಸ್ತಾದರ ಮೊದಲ ಸಲಹೆ ಬೈಕಿನ ಬ್ರೇಕ್. “ಗುಜರಿಯಲ್ಲಿ ಒಳ್ಳೇ ಕ್ಯಾಲಿಪರ್ ಸಿಗುತ್ತೆ, ಲೇತ್‌ನಲ್ಲಿ ಒಂದು ಬ್ರಾಕೆಟ್ ಮಾಡಿಸೋಣ.” ಕ್ಯಾಲಿಪರ್ ಅಂದರೆ ಪ್ಯಾಡುಗಳನ್ನು ರೋಟರಿಗೆ ಒತ್ತುವ ಇಕ್ಕಳ. ನನಗೂ ಆಸೆಯಾಯಿತು. ಬೈಕಿನ ಡಿಸ್ಕ್ ನಮ್ಮ ಸೈಕಲ್ ಡಿಸ್ಕಿಗಿಂತ ಎರಡು ಪಟ್ಟು ದಪ್ಪ, ಬಿಸಿ ನುಂಗುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಆ ಕ್ಯಾಲಿಪರ್ ಎಳೆದಾಗ ಎಲ್ಲ ಬಲ ಬೀಳೋದು ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಒಂದು ಕಾಲಿನ ಮೇಲೆ. ಸೈಕಲ್ ಫೋರ್ಕಿನ ಕಾಲು ಅದಕ್ಕಾಗಿ ಮಾಡಿದ್ದಲ್ಲ. ಇನ್ನೊಂದು, ಬೈಕಿನ ಕ್ಯಾಲಿಪರಿಗೆ ಸೈಕಲ್ ಲಿವರ್ ಜೋಡಿಸಿದರೆ ಅಷ್ಟು ದೊಡ್ಡ ಪಿಸ್ಟನ್ ತಳ್ಳುವಷ್ಟು ಆಯಿಲ್ ಈ ಸಣ್ಣ ಲಿವರಿನಿಂದ ಬರೋದಿಲ್ಲ. ಲಿವರ್, ಕ್ಯಾಲಿಪರ್ ಒಂದಕ್ಕೊಂದು ಅಳತೆ ಮಾಡಿ ಕೊಟ್ಟ ಜೋಡಿ. ಬೇರೆ ಬೇರೆ ಮನೆಯದನ್ನು ತಂದು ಸಂಸಾರ ಹೂಡೋದು ಕಷ್ಟ. ಉಸ್ತಾದ್ ಸ್ವಲ್ಪ ಹೊತ್ತು ಯೋಚಿಸಿ, “ಫೋರ್ಕ್ ಮುರಿದ್ರೆ ಮೂಗು ಮುರೀತದೆ, ಬೇಡ ಬಿಡಿ,” ಅಂದರು.

ಕೇಬಲ್ ಬ್ರೇಕಿನಲ್ಲೇ ಒಳ್ಳೆಯದು ತಗೊಳ್ಳೋಣ ಅನ್ನೋದು ಎರಡನೇ ಯೋಚನೆ. ಅದಕ್ಕೂ ಒಂದು ಮರ್ಯಾದೆ ಇದೆ. ಆಯಿಲ್ ಇಲ್ಲ, ಸೋರಲ್ಲ, ಹಳ್ಳಿಯಲ್ಲಿ ಕೇಬಲ್ ಕಿತ್ತರೆ ಯಾವ ಸೈಕಲ್ ಶಾಪಿನಲ್ಲೂ ಸಿಗುತ್ತದೆ. ಆದರೆ ಮಾಮೂಲಿ ಕೇಬಲ್ ಕ್ಯಾಲಿಪರಿನಲ್ಲಿ ಒಂದೇ ಕಡೆಯ ಪ್ಯಾಡ್ ಚಲಿಸೋದು. ಅದು ರೋಟರನ್ನು ಬಾಗಿಸಿ ಆಚೆ ಕಡೆ ನಿಂತ ಪ್ಯಾಡಿಗೆ ಒತ್ತುತ್ತದೆ. ಪ್ಯಾಡ್ ಸವೆದ ಹಾಗೆ ಲಿವರ್ ಒಳಗೆ ಬರುತ್ತಾ ಹೋಗುತ್ತದೆ, ನಾವೇ ತಿರುಪು ತಿರುಗಿಸಿ ಸರಿ ಮಾಡಿಕೊಳ್ಳಬೇಕು. ಗದ್ದೆಯಲ್ಲಿ ನನಗೆ ಆಗಿದ್ದು ಇದೇ. ಬಿಸಿಗೆ ಪ್ಯಾಡಿನ ಹಿಡಿತವೂ ಹೋಯಿತು, ದಪ್ಪವೂ ಹೋಯಿತು. ಕೇಬಲ್ ಬದಲು ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ಕಿನಲ್ಲಿ ಪ್ಯಾಡ್ ಸವೆದಷ್ಟೂ ಪಿಸ್ಟನ್ ತಾನೇ ಮುಂದೆ ಬರುತ್ತದೆ. ಎರಡೂ ಕಡೆಯಿಂದ ಒತ್ತುತ್ತದೆ. ಒಂದು ಬೆರಳು ಸಾಕು.

ಅಲ್ಲಿಗೂ ನನ್ನ ಜಿಪುಣತನ ಹೋಗಿರಲಿಲ್ಲ. ಆನ್‌ಲೈನಿನಲ್ಲಿ ಹೆಸರೇ ಕೇಳದ ಒಂದು ಹೈಡ್ರಾಲಿಕ್ ಸೆಟ್ ತರಿಸಿದೆ. ಫೋಟೋದಲ್ಲಿ ಭರ್ಜರಿಯಾಗಿತ್ತು. ಹಾಕಿ ಒಂದು ರಾತ್ರಿ ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ಲಿವರ್ ಕೆಳಗೆ ನೆಲದ ಮೇಲೆ ಎರಡು ಹನಿ. ಎರಡೇ ಹನಿ. ಆದರೆ ಬ್ರೇಕ್ ವಿಷಯದಲ್ಲಿ ಎರಡು ಹನಿ ಅಂದರೆ ಕಥೆ ಮುಗಿದ ಹಾಗೆ. ವಾಪಸ್ ಕಳಿಸೋಕೆ ಮಾಡಿದ ಫೋನುಗಳ ಕಥೆ ಬೇರೆಯೇ ಇದೆ, ಅದನ್ನು ಬಿಡುತ್ತೇನೆ.

ಕೊನೆಗೆ ತಗೊಂಡಿದ್ದು ಶಿಮಾನೊ ಎಂಟಿ520, ನಾಲ್ಕು ಪಿಸ್ಟನ್ನಿನದು. ಎರಡು ಪಿಸ್ಟನ್ನಿನ ಎಂಟಿ200 ತುಂಬಾ ಕಡಿಮೆ ಬೆಲೆಗೆ ಸಿಗುವ ಹಾಗಿತ್ತು. ಮಾಮೂಲಿ ಸೈಕಲ್ಲಿಗೆ ಅದು ಚಿನ್ನದಂಥ ಬ್ರೇಕ್. ಆದರೆ ನಾಲ್ಕು ಪಿಸ್ಟನ್ ಇದ್ದರೆ ಪ್ಯಾಡ್ ಉದ್ದ ಇರುತ್ತದೆ, ಕ್ಯಾಲಿಪರ್ ದಪ್ಪ ಇರುತ್ತದೆ. ಬಿಸಿ ಕೂರೋಕೆ ಜಾಗ ಜಾಸ್ತಿ. ಎಲ್ಲದರಲ್ಲೂ ನಾನು ನೋಡುತ್ತಿದ್ದದ್ದು ಅದೊಂದನ್ನೇ. ಮಗುರಾ ಎಂಟಿ5 ಕೂಡ ಮನಸ್ಸಿನಲ್ಲಿತ್ತು, ಅದೂ ನಾಲ್ಕು ಪಿಸ್ಟನ್ನಿನದೇ. ಪ್ಯಾಡ್ ಬೇಕಾದಾಗ ಊರಲ್ಲೇ ಸಿಗುತ್ತಾ ಅಂತ ಎರಡು ಅಂಗಡಿಯಲ್ಲಿ ವಿಚಾರಿಸಿದೆ. ಅವರು ಶಿಮಾನೊ ಕಡೆ ಕೈ ತೋರಿಸಿದರು. ಪಾಂಡವಪುರದ ತೋಟದಲ್ಲಿ ಓಡೋ ಗಾಡಿಗೆ ಪ್ಯಾಡನ್ನು ವಿದೇಶದಿಂದ ಕಾಯೋದು ಯಾರಿಗೆ ಬೇಕು, ಅಲ್ವಾ?

ರೋಟರಿನಲ್ಲಿ ಮತ್ತೆ ಎಡವಿದೆ. ಅಗ್ಗಕ್ಕೆ ಸಿಕ್ಕಿದ 203ರ ಜೋಡಿ ತಂದೆ. ಮನೆಯಲ್ಲಿ ಬೆಳಕಿಗೆ ಹಿಡಿದು ನೋಡಿದರೆ ‘ರೆಸಿನ್ ಪ್ಯಾಡ್ ಮಾತ್ರ’ ಅಂತ ಕೆತ್ತಿದ್ದಾರೆ. ಪ್ಯಾಡಿನಲ್ಲಿ ಮುಖ್ಯವಾಗಿ ಎರಡು ಬಗೆ. ರೆಸಿನ್ ಅಂದರೆ ಅಂಟಿನಲ್ಲಿ ಕಟ್ಟಿದ ಮೆತ್ತನೆಯದು. ಸದ್ದಿಲ್ಲ, ಮೊದಲ ಮುಟ್ಟಿಗೇ ಹಿಡಿಯುತ್ತದೆ, ಆದರೆ ಬಿಸಿಗೆ ಬೇಗ ಸೋಲುತ್ತದೆ. ಮಳೆ, ಕೆಸರಿನಲ್ಲಿ ಸೀಮೆಸುಣ್ಣದ ಹಾಗೆ ಸವೆಯುತ್ತದೆ. ಇನ್ನೊಂದು ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ್ದು. ಬಿಸಿ ತಡೆಯುತ್ತದೆ, ಬಾಳಿಕೆ ಜಾಸ್ತಿ, ಮಳೆಯಲ್ಲಿ ಕಿರುಚುತ್ತದೆ. ಮೆತ್ತನೆ ಉಕ್ಕಿನ ರೋಟರಿಗೆ ಲೋಹದ ಪ್ಯಾಡ್ ಹಾಕಿದರೆ ರೋಟರನ್ನೇ ತಿಂದುಬಿಡುತ್ತದೆ. ಅದಕ್ಕೇ ಆ ಕೆತ್ತನೆ. ಮುಂದಿನದಕ್ಕೆ ಲೋಹದ ಪ್ಯಾಡೇ ಬೇಕು ಅಂತ ಆಗಲೇ ನಿರ್ಧಾರ ಮಾಡಿದ್ದೆ. ಮತ್ತೆ ಹೋಗಿ ಗಟ್ಟಿ ರೋಟರ್ ತಂದೆ. ಹಿಂದಕ್ಕೆ ಆ ಅಗ್ಗದ್ದೇ ಇರಲಿ, ರೆಸಿನ್ ಪ್ಯಾಡ್ ಜೊತೆ.

ಜೋಡಿಸೋಕೆ ಕೂತಾಗ ಒಂದೊಂದೇ ತಕರಾರು ತಲೆ ಎತ್ತಿತು. ಹಳೇ ಫೋರ್ಕಿನ ಕಾಲಿನ ಮೇಲೆ ಒಂದು ಚೀಟಿ, ಗರಿಷ್ಠ 180 ಅಂತ. ಅಡಾಪ್ಟರ್ ಹಾಕಿದರೆ 203 ಕೂರುತ್ತದೆ, ಕೂರೋದೇ ಬೇರೆ ತಡೆಯೋದೇ ಬೇರೆ. ಉದ್ದದ ಕೋಲಿನ ತುದಿ ಹಿಡಿದು ಎಳೆದಷ್ಟೇ ಫೋರ್ಕಿನ ಮೇಲೆ ಬಲ ಬೀಳುತ್ತದೆ. ಫೋರ್ಕೂ ಬದಲಾಯಿಸಿದೆ. ಹೆಂಡತಿ ಕೇಳಿದಾಗ “ಹಳೇದು ಸ್ವಲ್ಪ ಅಲ್ಲಾಡ್ತಿತ್ತು” ಅಂದೆ.

ಹಿಂದೆ ಇನ್ನೊಂದು ಕಥೆ. ಹಬ್ ಮೋಟರಿನ ಹೊಟ್ಟೆ ದೊಡ್ಡದು. ರೋಟರ್ ಹಾಕಿದರೆ ಕ್ಯಾಲಿಪರ್ ಮೋಟರಿನ ಮುಚ್ಚಳಕ್ಕೆ ತಾಗುತ್ತಿತ್ತು. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಒಳಗಡೆಗೂ ದಪ್ಪ ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ. ಉಸ್ತಾದ್ ಲೇತ್‌ನವರ ಹತ್ತಿರ 2 ಮಿ.ಮೀ. ದಪ್ಪದ ಆರು ತೂತಿನ ಬಿಲ್ಲೆ ಮಾಡಿಸಿದರು. ರೋಟರ್ ಅಷ್ಟು ಹೊರಗೆ ಬಂತು. ಬೋಲ್ಟೂ ಅಷ್ಟೇ ಉದ್ದದ್ದು ಬೇಕು, ಇಲ್ಲದಿದ್ದರೆ ಎರಡೇ ಸುತ್ತು ತಿರುಪು ಹಿಡಿದುಕೊಂಡು ಕೂತಿರುತ್ತದೆ. ಆ ಆರು ಬೋಲ್ಟಿಗೆ ಎದುರುಬದುರು ಕ್ರಮದಲ್ಲಿ ಬಿಗಿ ಕೊಡಬೇಕು, ಸಡಿಲ ಆಗದ ಹಾಗೆ ಲಾಕ್‌ಟೈಟ್ ಅಂಟು ಹಚ್ಚಬೇಕು.

ಆಯಿಲ್ ವಿಷಯದಲ್ಲಿ ಸ್ವಲ್ಪದರಲ್ಲಿ ಪಾರಾದೆ. ಆಯಿಲ್ ಹೋಗುವ ಹೋಸ್ ಉದ್ದ ಕತ್ತರಿಸಿದ ಮೇಲೆ ಬ್ಲೀಡ್ ಮಾಡಬೇಕಿತ್ತು, ಅಂದರೆ ಆಯಿಲ್ ತುಂಬಿ ಒಳಗಿನ ಗಾಳಿ ತೆಗೆಯಬೇಕಿತ್ತು. ಬಿಡಿಭಾಗದ ಅಂಗಡಿಯೊಂದಕ್ಕೆ ಹೋಗಿ ಬ್ರೇಕ್ ಆಯಿಲ್ ಕೇಳಿದೆ. ಕಾರು, ಬೈಕಿಗೆ ಹಾಕೋ ಡಾಟ್ 4 ಬಾಟಲಿ ಕೊಟ್ಟರು. ಇದು ಸೈಕಲ್ಲಿಗೆ ಅಂದೆ. “ಬ್ರೇಕ್ ಆಯಿಲ್ ಎಲ್ಲಾ ಒಂದೇ ಸಾರ್.” ಒಂದೇ ಅಲ್ಲ. ಶಿಮಾನೊ, ಮಗುರಾ ಬ್ರೇಕಿಗೆ ಮಿನರಲ್ ಆಯಿಲ್. ಅದರ ಒಳಗಿನ ರಬ್ಬರ್ ಸೀಲಿಗೆ ಡಾಟ್ ತಗುಲಿದರೆ ಉಬ್ಬಿ ಹಾಳಾಗುತ್ತದೆ. ಡಾಟ್ ಬ್ರೇಕಿಗೆ ಮಿನರಲ್ ಹಾಕಿದರೂ ಅದೇ ಗತಿ. ಡಾಟ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಿತಿ 155. ಮಿನರಲ್ ಆಯಿಲ್ ನೀರು ಹೀರಲ್ಲ. ಹಾಗಂತ ಬೀಗೋ ಹಾಗೂ ಇಲ್ಲ. ಹೇಗೋ ಒಂದು ಹನಿ ನೀರು ಒಳಗೆ ಸೇರಿದರೆ ಅದು ಬೆರೆಯದೆ ಕೆಳಗಿಳಿದು ಕ್ಯಾಲಿಪರಿನಲ್ಲೇ ಕೂರುತ್ತದೆ, 100 ಡಿಗ್ರಿಗೆ ಕುದಿಯುತ್ತದೆ. ಕುದಿದರೆ ಆವಿ. ಆವಿಯನ್ನು ಒತ್ತಬಹುದು, ಅದು ಪಿಸ್ಟನ್ ತಳ್ಳೋದಿಲ್ಲ. ಲಿವರ್ ಹತ್ತಿಯ ಹಾಗೆ ಒಳಗೆ ಬರುತ್ತದೆ.

ಇನ್ನೊಂದು ಸಣ್ಣ ವಸ್ತುವನ್ನು ನಾನು ಮರೆತೇ ಬಿಟ್ಟಿದ್ದೆ. ಹಳೇ ಕೇಬಲ್ ಲಿವರಿಗೆ ಕಟ್-ಆಫ್ ಸ್ವಿಚ್ ಜೋಡಿಸಿದ್ದೆ. ಬ್ರೇಕ್ ಮುಟ್ಟಿದ ತಕ್ಷಣ ಮೋಟರಿಗೆ ಕರೆಂಟು ನಿಲ್ಲುತ್ತಿತ್ತು. ಹೊಸ ಲಿವರಿನಲ್ಲಿ ಅದಿಲ್ಲ. 3,000 ವ್ಯಾಟಿನ ಮೋಟರ್ ತಳ್ಳುತ್ತಿರುವಾಗ ಬ್ರೇಕ್ ಹಿಡಿಯೋದು ಅಂದರೆ ಎತ್ತಿನ ಗಾಡಿಯನ್ನು ಎತ್ತುಗಳ ಸಮೇತ ತಡೆದ ಹಾಗೆ. ಎಕ್ಸಲೇಟರ್ ಕೆಸರಿಗೆ ಅಂಟಿಕೊಂಡರಂತೂ ಕೇಳೋದೇ ಬೇಡ. ಪುಟ್ಟ ಆಯಸ್ಕಾಂತ ಇರುವ ಸೆನ್ಸರ್ ಸಿಗುತ್ತದೆ. ಲಿವರಿಗೆ ಆಯಸ್ಕಾಂತ ಅಂಟಿಸಿ, ಹ್ಯಾಂಡಲ್ ಕಡೆ ಸೆನ್ಸರ್ ಅಂಟಿಸಿದರೆ ಆಯಿತು. ಇದು ನನ್ನ ಇಲಾಖೆಯ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಯಿತು.

ಹೊಸ ಪ್ಯಾಡ್ ಹಾಕಿದ ದಿನವೇ ಹಿಡಿಯೋದಿಲ್ಲ. ಪ್ಯಾಡಿನ ತೆಳು ಪದರ ರೋಟರಿಗೆ ಅಂಟಬೇಕು. ತೋಟದ ಸಮತಟ್ಟು ದಾರಿಯಲ್ಲಿ 25ರಿಂದ ನಿಧಾನ ಮಾಡೋದು, ಪೂರ್ತಿ ನಿಲ್ಲಿಸದೆ ಬಿಡೋದು, ಮತ್ತೆ. ಮುಂದಿನದಕ್ಕೆ ಇಪ್ಪತ್ತು ಸಲ, ಹಿಂದಿನದಕ್ಕೆ ಇಪ್ಪತ್ತು ಸಲ. ಬಾಮೈದ ಎಣಿಸುತ್ತಾ ಕೂತಿದ್ದ. ಮಧ್ಯದಲ್ಲಿ ಚೈನಿಗೆ ಆಯಿಲ್ ಸ್ಪ್ರೇ ಹೊಡೆದು ಉಪಕಾರವನ್ನೂ ಮಾಡಿದ. ಸ್ಪ್ರೇ ಗಾಳಿಗೆ ಹಾರಿ ಹಿಂದಿನ ರೋಟರ್ ಮೇಲೆ ಕೂತಿತು. ಆ ಪ್ಯಾಡ್ ಜೋಡಿ ಅಲ್ಲಿಗೆ ಕಸ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸ ಪ್ಯಾಡ್ ಹಾಕಿ, ಮತ್ತೆ ಒಂದರಿಂದ ಎಣಿಕೆ.

ನಿಜವಾದ ಪರೀಕ್ಷೆಗೆ ಬೆಟ್ಟವೇ ಬೇಕು ಅಂತ ಉಸ್ತಾದ್ ಪಟ್ಟು ಹಿಡಿದರು. ಮೋಟರ್ ಓಡಿಸಿಕೊಂಡು ರಸ್ತೆಗೆ ಹೋಗೋ ಹಾಗಿಲ್ಲ. ಪರಿಚಯದವರ ಟಾಟಾ ಏಸ್‌ನಲ್ಲಿ ಗಾಡಿ ಮಲಗಿಸಿ ಮೇಲೆ ಸಾಗಿಸಿದೆವು. ಆಷಾಢ ಮುಗಿದ ಮೇಲೆ, ವಾರದ ನಡುವೆ, ಬೆಳಗ್ಗೆ ಬೇಗ. ಮೆಟ್ಟಿಲು ಹತ್ತಿ ಬಂದವರು ಬೆವರು ಒರೆಸಿಕೊಳ್ಳುತ್ತಾ ನಮ್ಮನ್ನೇ ನೋಡುತ್ತಿದ್ದರು. ತಾಯಿಗೆ ಕೈ ಮುಗಿದೆ. ಆವತ್ತು ಸ್ವಲ್ಪ ಹೆಚ್ಚು ಹೊತ್ತೇ ಮುಗಿದೆ.

ಬೆಟ್ಟದ ಎತ್ತರ ಊರಿನಿಂದ ಲೆಕ್ಕಕ್ಕೆ 300 ಮೀಟರ್ ಅಂತ ಇಟ್ಟುಕೊಂಡೆ. 120 ಕಿಲೋ ಅಷ್ಟು ಇಳಿದರೆ ಬಿಡುಗಡೆ ಆಗೋ ಶಕ್ತಿ 3 ಲಕ್ಷ 53 ಸಾವಿರ ಜೂಲ್. ಒಂದು ಲೀಟರ್ ನೀರನ್ನು ಒಲೆ ಮೇಲಿಟ್ಟು ಕುದಿಸೋಕೆ ಬೇಕಾಗುವುದಕ್ಕಿಂತ ಸ್ವಲ್ಪ ಜಾಸ್ತಿಯೇ. ಒಂದು ಪಾಲು ಗಾಳಿಗೆ, ಟೈರಿಗೆ ಹೋಗುತ್ತದೆ. ಉಳಿದದ್ದೆಲ್ಲ ಎರಡು ಬಿಲ್ಲೆಗಳ ಪಾಲು.

ಬಿಸಿ ಅಳೆಯೋಕೆ ಮೊದಲು ಮನೆಯಲ್ಲಿದ್ದ ಕೊರೊನಾ ಕಾಲದ ಥರ್ಮಾಮೀಟರ್ ಗನ್ ತಂದಿದ್ದೆ. ಅದು ಮನುಷ್ಯನ ಜ್ವರಕ್ಕಷ್ಟೇ. ಉಸ್ತಾದ್ ಮುಂದೆ ಮಾನ ಹೋಯಿತು. ಪುಣ್ಯಕ್ಕೆ ಕಾರ್ಖಾನೆಯಿಂದ ಕೇಳಿ ತಂದಿದ್ದ ದೊಡ್ಡ ಗನ್ನೂ ಚೀಲದಲ್ಲಿತ್ತು. ಹೊಳೆಯುವ ಉಕ್ಕಿನ ಮೇಲೆ ಅದು ಕಡಿಮೆ ತೋರಿಸುತ್ತದೆ. ಅದಕ್ಕೆ ಪ್ಯಾಡ್ ತಾಗದ ಕಡೆ ರೋಟರಿಗೆ ಕಪ್ಪು ಮಾರ್ಕರ್ ಬಳಿದಿದ್ದೆ.

ಮೊದಲ ಸಲ ಬ್ಯಾಟರಿ ಪೂರ್ತಿ ಆಫ್. ಬರೀ 45 ಕಿಲೋ ತೂಕದ ಸೈಕಲ್. ಉಸ್ತಾದ್ ಹೇಳಿಕೊಟ್ಟ ಹಾಗೆ ಇಳಿದೆ. ಬ್ರೇಕನ್ನು ಉದ್ದಕ್ಕೂ ಉಜ್ಜಿಕೊಂಡು ಬರಬಾರದು. ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸು, ಆಮೇಲೆ ಪೂರ್ತಿ ಬಿಡು, ಗಾಳಿ ಆಡಲಿ. ಊರು ಕಾಣುವ ತಿರುವಿನಲ್ಲಿ ನಿಂತು ಅಳೆದಾಗ ಮುಂದಿನದು 160ರ ಆಸುಪಾಸು, ಹಿಂದಿನದು 130. ಲಿವರ್ ಒಂದು ಕೂದಲೆಳೆಯಷ್ಟೂ ಒಳಗೆ ಬಂದಿರಲಿಲ್ಲ. ಕೆಳಗೆ ಲಲಿತ ಮಹಲ್ ಬೆಳ್ಳಗೆ ಕಾಣುತ್ತಿತ್ತು. ಅದನ್ನು ನೋಡೋ ಮನಸ್ಥಿತಿ ಅವತ್ತು ಬಂತು.

ಎರಡನೇ ಸಲ ರಿಜೆನ್ ಪರೀಕ್ಷೆ. ಗೇರ್ ಇಲ್ಲದ ಹಬ್ ಮೋಟರಿನ ಲಾಭ ಇದು. ಇಳಿಯುವಾಗ ಅದೇ ಡೈನಮೊ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ, ಗಾಡಿ ನಿಧಾನ ಆಗುತ್ತದೆ. ಗೇರ್ ಇರುವ ಹಬ್ ಮೋಟರಿನಲ್ಲಿ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್ ಇರೋದರಿಂದ ಇದು ಆಗಲ್ಲ. ಎಕ್ಸಲೇಟರಿನ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡೆ, ಮೋಟರ್ ಹಿಡಿಯಬಹುದು, ತಳ್ಳೋ ಹಾಗಿಲ್ಲ. ಬ್ಯಾಟರಿ ಆನ್. ಟಾಟಾ ಏಸ್ ಮತ್ತೆ ಮೇಲೆ ಬಿಟ್ಟಿತು.

ಮೊದಲ ಅರ್ಧ ಕಿಲೋಮೀಟರ್ ಸ್ವರ್ಗ. ಸೆನ್ಸರ್ ತಾಗುವಷ್ಟು ಲಿವರ್ ಮುಟ್ಟಿದರೆ ಸಾಕು, ಗುಂಯ್ ಅನ್ನುತ್ತಾ ಗಾಡಿ ಸೌಮ್ಯವಾಗಿ ಇಳಿಯುತ್ತಿತ್ತು. ಒಂದು ತಿರುವಿನ ಹತ್ತಿರ ಆ ಗುಂಯ್ ಸದ್ದು ತಟ್ಟನೆ ನಿಂತಿತು. ಯಾರೋ ಹಿಂದಿನಿಂದ ಹಿಡಿದಿದ್ದ ಕೈ ಬಿಟ್ಟ ಹಾಗೆ ಗಾಡಿ ಮುಂದಕ್ಕೆ ಜಿಗಿಯಿತು. ಎದೆ ಬಾಯಿಗೆ ಬಂತು. ಎರಡು ಬೆರಳು ತಾನಾಗಿ ಲಿವರ್ ಎಳೆದವು. ಪಕ್ಕಕ್ಕೆ ಹೋಗಿ ನಿಂತೆ. ಹಿಂದೆ ಬರುತ್ತಿದ್ದ ಟಾಟಾ ಏಸ್ ಕೂಡ ನಿಂತಿತು.

ತಪ್ಪು ನನ್ನದೇ, ಅದೂ ನನ್ನ ಇಲಾಖೆಯಲ್ಲೇ. ಹಿಂದಿನ ರಾತ್ರಿ ಶ್ರದ್ಧೆಯಿಂದ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದ್ದೆ. 20 ಸೆಲ್ ಸಾಲಿಗೆ 84 ವೋಲ್ಟು ಅಂದರೆ ತುಂಬಿತು. ತುಂಬಿದ ಕೊಡಕ್ಕೆ ಮತ್ತೆ ನೀರು ಹುಯ್ದರೆ ಎಲ್ಲಿಗೆ ಹೋಗಬೇಕು? ಬ್ಯಾಟರಿಯ ರಕ್ಷಣಾ ಬೋರ್ಡು ತನ್ನ ಕೆಲಸ ತಾನು ಮಾಡಿತು, ಕರೆಂಟು ಕಡಿಯಿತು, ರಿಜೆನ್ ಮಾಯ. ಉಸ್ತಾದ್ ಎಲ್ಲ ಕೇಳಿ, “ನಿಮ್ಮ ಕರೆಂಟೂ ಆಯಿಲ್ ತರಾನೇ ಸಾರ್. ಬೇಕಾದಾಗ ಇರಲ್ಲ,” ಅಂದರು.

ಬ್ಯಾಟರಿ ಸ್ವಲ್ಪ ಖಾಲಿ ಮಾಡಿಕೊಂಡು ಇನ್ನೊಂದು ವಾರ ಮತ್ತೆ ಹೋದೆವು. ಅದೇ ತಿರುವಿನಲ್ಲಿ ಮುಂದಿನ ರೋಟರ್ 90ಕ್ಕಿಂತ ಕೆಳಗಿತ್ತು. ಚಾರ್ಜ್ ಎಷ್ಟು ಉಳಿಯುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಬೆಟ್ಟದ ಶಕ್ತಿ ಪೂರ್ತಿ ಬಂದರೂ 98 ವ್ಯಾಟ್ ಅವರ್. ನನ್ನ ಬ್ಯಾಟರಿ 1,440. ನೂರಕ್ಕೆ ಏಳು ಕೂಡ ಆಗಲ್ಲ, ಅದರಲ್ಲೂ ಕೈಗೆ ಬರೋದು ಒಂದು ಪಾಲು. ರಿಜೆನ್ ಇರೋದು ಪ್ಯಾಡ್ ತಣ್ಣಗಿರಲಿ ಅಂತ, ಅಷ್ಟೇ. ಅದನ್ನು ಹಾಕುವವರು ಹಿಂದಿನ ಆಕ್ಸಲ್ಲಿಗೆ ಎರಡೂ ಕಡೆ ಟಾರ್ಕ್ ಆರ್ಮ್, ಅಂದರೆ ಆಕ್ಸಲ್ ತಿರುಗದ ಹಾಗೆ ತಡೆಯುವ ಪಟ್ಟಿ, ಹಾಕಿ. ಮೋಟರ್ ತಳ್ಳುವಾಗ ಆಕ್ಸಲ್ ಒಂದು ಕಡೆ ತಿರುಗೋಕೆ ನೋಡುತ್ತದೆ, ರಿಜೆನ್‌ನಲ್ಲಿ ಇನ್ನೊಂದು ಕಡೆ. ಹೀಗೆ ಅತ್ತ ಇತ್ತ ಆಡಿದರೆ ನಟ್ಟು ಸಡಿಲ ಆಗುತ್ತದೆ. ನನ್ನದು ಮೂರನೇ ವಾರಕ್ಕೇ ಕಾಲು ಸುತ್ತು ಬಿಟ್ಟಿತ್ತು.

ಡೈರಿಯಲ್ಲಿ ಈಗ ಬ್ರೇಕಿನ ಸಾಲಿಗೆ ಅಂಕಿ ಇದೆ. ಫೋರ್ಕು, ಎರಡು ಸಲದ ರೋಟರು, ಕಸಕ್ಕೆ ಹೋದ ಪ್ಯಾಡು, ಟಾಟಾ ಏಸ್ ಬಾಡಿಗೆ ಎಲ್ಲ ಸೇರಿಸಿದರೆ ಮೋಟರಿನ ಬೆಲೆಯ ಹತ್ತಿರ ಬಂದಿದೆ. ಆ ಪುಟವನ್ನು ಹೆಂಡತಿಗೆ ತೋರಿಸಿಲ್ಲ.

ಹೋದ ಭಾನುವಾರ ಉಸ್ತಾದ್ ಮನೆಗೆ ಬಂದಿದ್ದರು. ಗಾಡಿಯ ಮುಂದಿನ ಚಕ್ರ ಎತ್ತಿ ತಿರುಗಿಸಿ, ಒಂದು ಬೆರಳಲ್ಲಿ ಲಿವರ್ ಮುಟ್ಟಿ, ಗಕ್ಕನೆ ನಿಂತದ್ದನ್ನು ನೋಡಿ ತಲೆ ಆಡಿಸಿದರು. ಆಮೇಲೆ ಹಿಂದಿನ ಚಕ್ರ ತಿರುಗಿಸಿದರು. ಸುತ್ತಿಗೊಂದು ಸಲ ಟಿಣ್ ಅನ್ನುತ್ತಿತ್ತು. ರೋಟರ್ ಎಲ್ಲೋ ಒಂದು ಕಡೆ ಬಾಗಿದೆ, ಬಹುಶಃ ಟಾಟಾ ಏಸ್‌ನಿಂದ ಇಳಿಸುವಾಗ. “ಇದನ್ನ ಹಿಂಗೇ ಬಿಟ್ಟಿದ್ದೀರಾ?” ಅಂತ ಕೇಳಿದರು. ಶನಿವಾರ ಬಿಚ್ಚುತ್ತೇನೆ ಅಂದಿದ್ದೇನೆ.